ಸೋರದ ಕಾರು ನಮ್ಮದಲ್ಲ

ಕಾರು ಎಂಬುದು ಓಡುವ ವಸ್ತು ಎಂಬ ತಪ್ಪು ತಿಳಿವಳಿಕೆಯನ್ನು ಕಾರ್ಖಾನೆಯ ಅಸಲಿತನ ವಿಭಾಗವು ಅಧಿಕೃತವಾಗಿ ತಿದ್ದಿದೆ. ತಿದ್ದುವಾಗ ನಾನು ಅಲ್ಲೇ ನಿಂತಿದ್ದೆ. ಸಾಕ್ಷಿ ಬೇಕೆನ್ನುವವರಿಗೆ ನಾನೇ ಸಾಕು.

ಸ್ಪೋರ್ಟ್ಸ್ ಕಾರು ಮಾಡುವ ಈ ಕಾರ್ಖಾನೆ ತನ್ನದೇ ಹಳೆಯ ಕಾರುಗಳನ್ನು ವಾಪಸು ತರಿಸಿಕೊಂಡು, ಹುಟ್ಟಿದ ದಿನ ಹೇಗಿದ್ದವೋ ಹಾಗೆ ಮಾಡಿ, ಆಮೇಲೆ ಅವು ಎಷ್ಟು ಅಸಲಿ, ಎಷ್ಟು ಬೆಲೆ ಎಂದು ತಾನೇ ತೀರ್ಪು ಕೊಡುತ್ತದೆ. ತಾನೇ ಪ್ರಶ್ನೆ ಕೇಳಿ, ತಾನೇ ಉತ್ತರ ಬರೆದು, ತಾನೇ ಅಂಕ ಕೊಟ್ಟರೆ ತಪ್ಪಾಗುವ ಸಂಭವ ಕಡಿಮೆ ಎಂಬುದು ವಿಭಾಗದ ನಿಲುವು.

ನನ್ನ ಅಕ್ಕನ ಮಾವನವರ ಬಳಿ ಅಂಥದೊಂದು ಕೆಂಪು ಕಾರಿತ್ತು. ಎರಡೇ ಸೀಟು. ಊರಿಗೆಲ್ಲ ಅವರು ಸ್ಪೀಡಪ್ಪ. ವೇಗದಿಂದ ಬಂದ ಹೆಸರಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಹೋಗುವಷ್ಟು ನಿಧಾನ ಅವರದು. ಹೊಸದಾಗಿ ಕೊಂಡ ಕಾರನ್ನು ಮುದುಕರಾಗುವ ತನಕ ತಾವೇ ಓಡಿಸಿ, ತಾವೇ ರಿಪೇರಿ ಮಾಡಿದ್ದರು. ಅದಕ್ಕೆ ಬೆಲೆ ಕಟ್ಟಿಸಬೇಕೆಂಬ ಹುಳ ತಲೆಗೆ ಹೊಕ್ಕಿದ್ದು ಭಾವನಿಗೆ.

"ಕಳಿಸೋಣ. ಆದ್ರೆ ವಾಪಸ್ ನಾನೇ ಓಡಿಸ್ಕೊಂಡು ಬರ್ತೀನಿ. ಬೆಟ್ಟದ ತಿರುವಿನ ಮೇಲೇ," ಎಂದರು ಸ್ಪೀಡಪ್ಪ.

"ಆಯ್ತಪ್ಪಾ," ಎಂದ ಭಾವ. ಅವನು ಯಾವುದಕ್ಕೂ ಆಯ್ತು ಎನ್ನುವವನೇ.

ಪರೀಕ್ಷೆಯ ದಿನ ನಾವು ನಾಲ್ವರೂ ಹೋದೆವು. ಆಸ್ಪತ್ರೆಯಂಥ ಬಿಳಿ ಹಾಲ್. ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಸಿ ಒಳಗೆ ಬಿಟ್ಟರು. ನಡುವೆ ಕೆಂಪು ಕಾರು ಆಗತಾನೇ ತಲೆಸ್ನಾನ ಮಾಡಿಸಿದ ಮಗುವಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಸ್ಪೀಡಪ್ಪನವರು ಡ್ರೈವಿಂಗ್ ಗ್ಲೌಸ್ ಜೇಬಲ್ಲಿಟ್ಟುಕೊಂಡು ಬಂದಿದ್ದರು.

ಮುಖ್ಯ ಪರೀಕ್ಷಕರು ಮೊದಲು ಕಾರಿನ ಕೆಳಗೆ ಹಾಸಿದ್ದ ಬಿಳಿ ಕಾಗದವನ್ನು ಎಳೆದು ನೋಡಿದರು. ಮುಖ ಸಣ್ಣದಾಯಿತು.

"ಎಣ್ಣೆ ಎಲ್ಲಿ?"

"ಒಂದು ಹನಿನೂ ಸೋರಲ್ಲ ಸಾರ್," ಎಂದ ಮೆಕ್ಯಾನಿಕ್, ಹೆಮ್ಮೆಯಿಂದ.

"ಆ ಕಾಲದಲ್ಲಿ ನಮ್ಮ ಕಾರ್ಖಾನೆ ಸೋರದ ಕಾರನ್ನ ಹೊರಗೆ ಬಿಟ್ಟೇ ಇಲ್ಲ ಕಣ್ರೀ. ಸೋರದಿದ್ರೆ ಇದು ನಮ್ಮದಲ್ಲ."

ಭಾವನ ಮುಖ ನೋಡಲಾಗಲಿಲ್ಲ. ಪರೀಕ್ಷಕರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ನಾನು ಅಕ್ಕನ ಚೀಲದಲ್ಲಿದ್ದ ತಲೆಗೂದಲ ಎಣ್ಣೆಯನ್ನು ಕಾಗದದ ಮೇಲೆ ಒಂದಿಷ್ಟು ತೊಟ್ಟಿಕ್ಕಿಸಿದೆ. ಸಮಾಜಸೇವೆ ನನ್ನ ರಕ್ತದಲ್ಲೇ ಇದೆ. ಅವರು ಬಗ್ಗಿ ಬೆರಳಲ್ಲಿ ಮುಟ್ಟಿ ಮೂಸಿದರು. ಕಣ್ಣು ತೇವವಾಯಿತು.

"ಅದೇ ವಾಸನೆ," ಎಂದರು. "ಈಗಿನವರಿಗೆಲ್ಲಿ ಬರುತ್ತೆ ಇಂಥ ಸೋರಿಕೆ."

ಮುಂದಿನದು ಎಡಬಾಗಿಲು. ಕಾರ್ಖಾನೆಯಿಂದ ಬಂದಾಗ ಅದು ಒದ್ದರೆ ಮಾತ್ರ ಮುಚ್ಚುತ್ತಿತ್ತಂತೆ. ಸ್ಪೀಡಪ್ಪನವರು ವರ್ಷಗಟ್ಟಲೆ ಅದರ ಬೆನ್ನು ಹತ್ತಿ ಬೆರಳಲ್ಲಿ ತಳ್ಳಿದರೆ ಮುಚ್ಚುವ ಹಾಗೆ ಸರಿಪಡಿಸಿದ್ದರು. ವಿಭಾಗವು ಆ ಅಕ್ರಮವನ್ನು ತೆಗೆದುಹಾಕಿ, ಒದೆಯಬೇಕಾದ ಜಾಗಕ್ಕೆ ಚಿಕ್ಕದೊಂದು ತಗ್ಗನ್ನೂ ಮಾಡಿಕೊಟ್ಟಿತ್ತು.

ಆಮೇಲೆ ಸದ್ದು. ಸದ್ದಿನ ಪರೀಕ್ಷಕಿ ಕಣ್ಣು ಮುಚ್ಚಿ ಇಂಜಿನ್ ಕೇಳಿ ತಲೆ ಅಲ್ಲಾಡಿಸಿದರು. "ಇದು ಆರೋಗ್ಯವಂತ ಸದ್ದು. ಮೂಲದ್ದು ಕೆಮ್ಮಬೇಕು. ಹೇಗೆ ಕೆಮ್ಮುತ್ತಿತ್ತು ಅನ್ನೋದಕ್ಕೆ ನಮ್ಮಲ್ಲಿ ದಾಖಲೆ ಇಲ್ಲ."

"ನಾನಿದ್ದೀನಲ್ಲಮ್ಮಾ," ಎಂದು ಸ್ಪೀಡಪ್ಪನವರು ತುಟಿ ಜೋಡಿಸಿ ಸದ್ದು ಮಾಡಲು ಹೊರಟರು.

ಮುಖ್ಯ ಪರೀಕ್ಷಕರು ಕೈ ಅಡ್ಡ ಹಿಡಿದರು. "ನಿಯಮದ ಪ್ರಕಾರ ಸಾಕ್ಷಿಯೂ ಅಸಲಿ ಇರಬೇಕು. ಹಲ್ಲು ಸ್ವಂತದ್ದೇ?"

"ಕಟ್ಟಿಸಿದ್ದು."

"ಕಣ್ಣು?"

"ಪೊರೆ ತೆಗೆಸಿ ಲೆನ್ಸ್ ಹಾಕಿಸಿದೆ."

"ಮಂಡಿ?"

"ಅದೂ ಹೊಸದೇ."

"ಇದೆಲ್ಲ ನಿಮ್ಮನ್ನ ಮಾಡಿದವರ ಹತ್ತಿರವೇ ಯಾಕೆ ಮಾಡಿಸಲಿಲ್ಲ?"

"ಅಪ್ಪ ಅಮ್ಮ ಇಬ್ರೂ ಹೋಗಿಬಿಟ್ರಲ್ಲ ಸ್ವಾಮಿ," ಎಂದರು ಸ್ಪೀಡಪ್ಪ.

ಪರೀಕ್ಷಕರು ಸಂತಾಪ ಸೂಚಿಸಿ, ಹೊರಗಿನ ಬಿಡಿಭಾಗಗಳಲ್ಲಿ ತೆಗೆಯಬಹುದಾದ್ದನ್ನು ತೆಗೆದು ಸಾಕ್ಷಿ ಹೇಳಬಹುದೆಂದರು. ಸ್ಪೀಡಪ್ಪನವರು ಹಲ್ಲಿನ ಸೆಟ್ ತೆಗೆದು ಅಕ್ಕನ ಕೈಗಿಟ್ಟರು. ಈಗ ಹೊರಟಿತು ನೋಡಿ ಸದ್ದು: ಬುರ್ರ್, ಬುರ್ರ್, ನಡುವೆ ಎರಡು ಕೆಮ್ಮು, ಗೇರ್ ಬದಲಿಸುವಾಗ ಒಂದು ಬಿಕ್ಕಳಿಕೆ. ಪರೀಕ್ಷಕಿ ಎದ್ದು ನಿಂತರು. ಸದ್ದು ಅಸಲಿ ಎಂದು ಬರೆದುಕೊಂಡು, ಸುಳ್ಳು ಸದ್ದು ಮಾಡುತ್ತಿದ್ದ ಇಂಜಿನ್ನನ್ನು ಬಿಚ್ಚಿ ಇಡಲು ಸೂಚಿಸಿದರು.

"ಬಿಚ್ಚೋದಾ? ಮನೆಗೆ ಹೇಗೆ ಓಡಿಸ್ಕೊಂಡು ಹೋಗ್ಲಿ? ಕೀ ಕೊಡಿ," ಎಂದರು ಸ್ಪೀಡಪ್ಪ, ಹಲ್ಲು ಹಾಕಿಕೊಳ್ಳುತ್ತ.

ಹಾಲ್‌ನಲ್ಲಿದ್ದವರೆಲ್ಲ ಕೈಕೆಲಸ ಬಿಟ್ಟು ತಿರುಗಿ ನೋಡಿದರು.

"ಯಜಮಾನ್ರೇ," ಎಂದರು ಮುಖ್ಯ ಪರೀಕ್ಷಕರು, ಬಹಳ ಮೃದುವಾಗಿ. "ಇದು ಕಾರ್ಖಾನೆ ಬಾಗಿಲ ಒಳಗಿದ್ದ ದಿನದ ಸ್ಥಿತಿ. ಬಾಗಿಲು ದಾಟಿದರೆ ಅದು ದಾಟಿದ ಕಾರಾಗುತ್ತೆ." ಆಮೇಲೆ ಭಾವನ ಕಿವಿಯಲ್ಲಿ ದಾಟದಿದ್ದರೆ ಎಷ್ಟು ಬೆಲೆ ಎಂಬುದನ್ನು ಪಿಸುಗುಟ್ಟಿದರು. ಭಾವ ಪಕ್ಕದಲ್ಲಿದ್ದ ಟೈರಿನ ಮೇಲೆ ಕುಕ್ಕರಿಸಿದ.

"ಅಪ್ಪಾ, ನಿಮಗೆ ಮಂಡಿ ನೋವು ಬೇರೆ," ಎಂದ, ಉಸಿರು ಬಂದ ಮೇಲೆ.

"ರೀ, ಅದು ಹೊಸ ಮಂಡಿ. ನೋಯೋದು ನಿಮಗೆ," ಎಂದಳು ಅಕ್ಕ.

ಸ್ಪೀಡಪ್ಪನವರು ಎಡಬಾಗಿಲಿಂದ ಒಳಗೆ ಹೋಗಿ, ಒದ್ದು ಮುಚ್ಚಿಕೊಂಡು, ಜರುಗಿ ಸ್ಟೀರಿಂಗ್ ಹಿಂದೆ ಕೂತರು. ಗ್ಲೌಸ್ ಹಾಕಿಕೊಂಡರು. "ನಾನು ಇಳಿಯೋದು ನಮ್ಮನೆ ಬಾಗಿಲಲ್ಲೇ," ಎಂದರು.

ಬೇಡಿಕೊಂಡದ್ದಾಯಿತು, ಗದರಿಸಿದ್ದಾಯಿತು. ಕೊನೆಗೆ ಪರೀಕ್ಷಕರ ಸಮಿತಿಯು ಕಾರಿನ ಡಿಕ್ಕಿಯ ಹಿಂದೆ ತುರ್ತು ಸಭೆ ಸೇರಿತು. ಸ್ವಲ್ಪ ಹೊತ್ತಿನ ನಂತರ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು:

"ಪ್ರಥಮ ಮಾಲೀಕರು ವಾಹನದೊಳಗೆ ಮೂಲ ಭಂಗಿಯಲ್ಲಿ ಲಭ್ಯವಿರುವುದು ಇದೇ ಮೊದಲು. ಆದಕಾರಣ ಸದರಿಯವರನ್ನು ವಾಹನದ ಮೂಲ ಬಿಡಿಭಾಗವೆಂದು ಘೋಷಿಸಿ, ಒಟ್ಟು ಮೌಲ್ಯವನ್ನು ಇಮ್ಮಡಿಗೊಳಿಸಲಾಗಿದೆ. ಸದರಿ ಬಿಡಿಭಾಗವನ್ನು ವಾಹನದಿಂದ ಬೇರ್ಪಡಿಸಿದಲ್ಲಿ ಪ್ರಮಾಣಪತ್ರವು ರದ್ದಾಗತಕ್ಕದ್ದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವ ಎದ್ದು ನಿಂತು ತಟ್ಟಿದ. ಅಕ್ಕ ಮಾತ್ರ, "ಊಟಕ್ಕೇನು ಮಾಡ್ತಾರೆ?" ಎಂದು ಕೇಳಿದಳು. ಕಿಟಕಿಯ ಗಾಜು ಅರ್ಧ ಮಾತ್ರ ಇಳಿಯುವುದು ಮೂಲ ದೋಷವಾದ್ದರಿಂದ, ಆ ಸಂದಿಯಲ್ಲಿ ತೂರುವಷ್ಟು ತಟ್ಟೆಗೆ ಅನುಮತಿ ಸಿಕ್ಕಿತು.

ಈಗ ಎಲ್ಲ ಸುಸೂತ್ರ. ಭಾವ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಗೋಡೆಯ ಮೇಲಿದ್ದ ಅಪ್ಪನ ಫೋಟೋ ತೆಗೆದು ಆ ಮೊಳೆಗೇ ನೇತುಹಾಕಿದ್ದಾನೆ. ಕಾರ್ಖಾನೆಯ ಎಲ್ಲ ಹಳೆಯ ಕಾರುಗಳಿಗೂ ಅಸಲಿ ಸೋರಿಕೆ ಒದಗಿಸುವ ಗುತ್ತಿಗೆ ನನ್ನದು. ಅಕ್ಕ ಎಣ್ಣೆಯ ಬ್ರ್ಯಾಂಡ್ ಬದಲಿಸಕೂಡದೆಂದು ವಿಭಾಗ ಪತ್ರ ಬರೆದಿದೆ. ಉಳಿದ ಕಾರುಗಳ ಮಾಲೀಕರೂ ತಮ್ಮ ತಮ್ಮ ಮನೆಯ ಮುದುಕರನ್ನು ಕರೆತಂದು ಸಾಲಿನಲ್ಲಿ ನಿಲ್ಲಿಸುತ್ತಿದ್ದಾರೆ. ಹಲ್ಲು ಸ್ವಂತದ್ದಿದ್ದವರಿಗೆ ಆದ್ಯತೆ.

ಭಾನುವಾರ ನಾವು ನೋಡಲು ಹೋಗುತ್ತೇವೆ. ಹೋದ ವಾರ ಅಕ್ಕ ಮಾವನವರ ಭುಜದ ಧೂಳು ಒರೆಸಲು ಕಿಟಕಿಯೊಳಗೆ ಕೈ ಹಾಕಿದಳು. ಕಾವಲುಗಾರ ಓಡಿ ಬಂದ.

"ಮುಟ್ಟಬೇಡಿ ಅಮ್ಮಾ, ಬೆಲೆ ಇಳಿದು ಹೋಗುತ್ತೆ."

ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ಒಳಗೆ ಸ್ಪೀಡಪ್ಪನವರು ಹಲ್ಲು ಬಿಚ್ಚಿಟ್ಟು, ಸ್ಟೀರಿಂಗ್ ಹಿಡಿದು, ಬುರ್ರ್ ಎನ್ನುತ್ತ ಕೆಮ್ಮುತ್ತಿದ್ದರು.

"ಎಲ್ಲಿಗೆ ಬಂದ್ರಿ ಮಾವಾ?" ಎಂದೆ.

"ಬೆಟ್ಟದ ತಿರುವು. ಓಡಿಸೋವಾಗ ಮಾತಾಡಿಸಬೇಡ," ಎಂದು ಬಿಕ್ಕಳಿಸಿ ಗೇರ್ ಬದಲಿಸಿದರು.

ನಾವು ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು.