ಸುಮ್ಮನೆ ಹೈದರಾಬಾದಿಗೆ ಹೋದ ಬಸುರಿ

ನಮ್ಮ ಮನೆಯಲ್ಲಿ ಯಾರಾದರೂ ಸುಮ್ಮನೆ ಎಲ್ಲಿಗಾದರೂ ಹೋಗುತ್ತೇನೆ ಅಂದರೆ ಏನಾದರೊಂದು ಆಗಿಯೇ ಆಗುತ್ತದೆ. ಆಗದಿದ್ದರೆ ಮನೆಯವರೆಲ್ಲ ಸೇರಿ ಆಗುವ ಹಾಗೆ ಮಾಡುತ್ತಾರೆ. ದವಾಖಾನೆಗೆ ಹೋಗಬಹುದು, ಮದುವೆಗೆ ಹೋಗಬಹುದು, ಮೈಲಾರಲಿಂಗನಿಗೆ ಕಾಯಿ ಒಡೆಸಲು ಹೋಗಬಹುದು. ಸುಮ್ಮನೆ ಹೋಗುವ ಹಾಗಿಲ್ಲ.

ನಾನು ತೆಲುಗು ಸೀಮೆಯ ಅಂಚಿನ ನಾರಾಯಣಪೇಟೆಯಲ್ಲಿ ಅಂಗನವಾಡಿ ಟೀಚರ್, ಮನೆಮಾತು ಕನ್ನಡ. ಗಂಡನ ಮನೆಯವರು ನೇಕಾರರು. ಪಡಸಾಲೆಯಲ್ಲಿ ಎರಡು ಮಗ್ಗ, ಒಂದರಲ್ಲಿ ನನ್ನ ಗಂಡ, ಇನ್ನೊಂದರಲ್ಲಿ ಮೈದುನ. ಕಳೆದ ವರ್ಷ ನನಗೆ ಆರು ತಿಂಗಳು ತುಂಬಿತ್ತು, ಬಗಲಲ್ಲಿ ಎರಡೂವರೆ ವರ್ಷದ ಮಗಳು. ಎರಡನೆಯದು ಹುಟ್ಟಿದರೆ ಇನ್ನೈದು ವರ್ಷ ನಾನು ಬಸ್ ಸ್ಟ್ಯಾಂಡಿನ ಮುಖ ನೋಡುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟರೊಳಗೆ ಎರಡೇ ಎರಡು ದಿನ ಒಂದು ದೊಡ್ಡ ಊರು ನೋಡಬೇಕು, ಯಾರ ಉಪದೇಶವೂ ಇಲ್ಲದೆ ಒಂದು ಸಲ ಕೂತು ತಿನ್ನಬೇಕು ಎಂದು ಆಸೆಪಟ್ಟೆ. ಬಸುರಿ ಹುಣಸೆಕಾಯಿ ಕೇಳಿದರೆ ಮರ ಹತ್ತುವ ಜನ ನಮ್ಮವರು. ಊರು ಕೇಳಿದೆ ನೋಡಿ, ಎಲ್ಲರ ಮುಖ ಸಪ್ಪಗಾಯಿತು.

೧. ಫೋನು ಹೇಳಿದ ಊರು

ನನ್ನ ಗಂಡನಿಗೆ ಏನು ಹೇಳಿದರೂ ಮೊದಲು ಫೋನನ್ನು ಕೇಳುವ ಚಟ. ಬಸುರಿ ಹೆಂಡತಿ, ಸಣ್ಣ ಕೂಸು, ಎರಡು ದಿನ, ಯಾವ ಊರು ಚಲೋ ಎಂದು ಅದನ್ನು ಕೇಳಿದರು. ಅದು ಮಾರುದ್ದದ ಲೇಖನವೊಂದನ್ನು ತೆಗೆದುಕೊಟ್ಟಿತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅದನ್ನು ನನಗೆ ಓದಿ ಹೇಳಿದರು.

ವಿಮಾನದಲ್ಲಿ ಮೂರು ಗಂಟೆಗಿಂತ ದೂರದ ಊರು ಬೇಡವಂತೆ. ನಮ್ಮಲ್ಲಿಂದ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಮೂರು ಗಂಟೆಯ ಮೇಲೆ ಬೇಕು, ಅದೂ ಬಸ್ಸು ಕೆಡದಿದ್ದರೆ. ಮಗು ತಳ್ಳುಗಾಡಿಯಲ್ಲಿ ನಿದ್ದೆ ಹೋದಾಗ ದಂಪತಿಗಳು ಕೈ ಹಿಡಿದುಕೊಂಡು ಚಿತ್ರಕಲೆ ನೋಡಬಹುದಂತೆ, ಕಾಫಿ ಕುಡಿಯಬಹುದಂತೆ, ಒಬ್ಬರನ್ನೊಬ್ಬರು ಹೊಸದಾಗಿ ಅರಿತುಕೊಳ್ಳಬಹುದಂತೆ. ಇದನ್ನು ಬರೆದ ಪುಣ್ಯಾತ್ಮರು ಮಗುವನ್ನು ಫೋಟೋದಲ್ಲಿ ಮಾತ್ರ ನೋಡಿರಬೇಕು. ನಮ್ಮ ಮಗಳನ್ನು ಅರ್ಧ ದಿನ ಅವರ ಕೈಗೆ ಕೊಟ್ಟರೆ ಆಮೇಲೆ ಅವರು ಏನು ಬರೆಯುತ್ತಾರೋ ನೋಡುವ ಆಸೆ ನನಗೆ ಈಗಲೂ ಇದೆ.

ಗಾಡಿ ಸಲೀಸಾಗಿ ಉರುಳುವಂಥ ಅಗಲವಾದ, ಸಮತಟ್ಟಾದ ಫುಟ್‌ಪಾತ್ ಇರುವ ಊರನ್ನೇ ಆರಿಸಿ ಎಂದು ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಗಂಡ ಅದನ್ನು ಎರಡು ಸಲ ಓದಿದರು. ಹೈದರಾಬಾದು, ರಾಯಚೂರು, ಕರ್ನೂಲು ಎಂದು ತಮಗೆ ಗೊತ್ತಿದ್ದ ಊರುಗಳನ್ನೆಲ್ಲ ಬೆರಳು ಮಡಿಸಿ ಎಣಿಸಿ, ಆಮೇಲೆ ಗಂಭೀರವಾಗಿ ಹೇಳಿದರು.

"ಹಂಗಾದ್ರ ನಿನಗ ಪಾಸ್‌ಪೋರ್ಟ್ ಮಾಡಿಸಬೇಕಾಗತೈತಿ."

೨. ಹೊಳೆಯ ತೀರ್ಪು

ಫೋನಿನ ಮೇಲಿನ ಕೋರ್ಟು ನಮ್ಮ ಅತ್ತೆ. ಬಸುರಿ ಹೆಂಗಸು ಹೊಳೆ ದಾಟಬಾರದು ಎಂದು ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ನಮ್ಮ ಕಡೆ ಇದೇನು ಸಣ್ಣ ಮಾತಲ್ಲ. ಮಕ್ತಲ್ ದಾಟಿ ಮುಂದೆ ಹೋದರೆ ಕೃಷ್ಣಾ ಹೊಳೆ ಅಡ್ಡ ಬರುತ್ತದೆ. ರಾಯಚೂರು ಹೋಯಿತು, ಕರ್ನೂಲು ಹೋಯಿತು, ಬೆಂಗಳೂರು, ಮೈಸೂರು ಎಲ್ಲ ಒಂದೇ ಏಟಿಗೆ ಹೋದವು. ಉಳಿದದ್ದು ಹೈದರಾಬಾದು ಒಂದೇ.

ಅಲ್ಲಿಗಾದರೂ ಮುಗಿಯಿತಲ್ಲ ಎನ್ನುವಷ್ಟರಲ್ಲಿ ಮೈದುನ ಮಗ್ಗ ನಿಲ್ಲಿಸಿ, ಹೈದರಾಬಾದಿನ ನಡುವೆ ಮೂಸಿ ನದಿ ಇದೆಯಲ್ಲ ಎಂದ. ಅವನನ್ನು ಯಾರೂ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಅವನನ್ನು ಯಾರೂ ಏನೂ ಕೇಳಿಲ್ಲ, ಆದರೂ ಹೇಳುತ್ತಲೇ ಇದ್ದಾನೆ. ಅತ್ತೆ ಮೂಸಿಯ ಫೋಟೋ ತೋರಿಸು ಎಂದರು. ಬೇಸಿಗೆಯಲ್ಲಿ ತೆಗೆದದ್ದೊಂದು ಸಿಕ್ಕಿತು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ಇದಕ್ಕೂ ಹೊಳೆ ಅನ್ನುತ್ತಾರೇನು ಎಂದು ಮೂಗು ಮುರಿದು ಅದನ್ನು ಮಾಫಿ ಮಾಡಿದರು.

ನನಗೆ ಸಿಟ್ಟು ಬಂದಿತ್ತು. ಮೊದಲನೇ ಬಸುರಿನಲ್ಲಿ ಕುಬುಸ ಮಾಡಿ, ಮಡಿಲು ತುಂಬಿ, ನನ್ನನ್ನು ಗದ್ವಾಲದ ತವರಿಗೆ ಇವರೇ ಕಳಿಸಿದ್ದರು. ಗದ್ವಾಲ ಇರುವುದು ಹೊಳೆಯ ಆಚೆಗೆ. ಆಗ ಏಳು ತಿಂಗಳ ಹೊಟ್ಟೆ ಹೊತ್ತು ನಾನೇನು ಹಾರಿಕೊಂಡು ಹೋದೆನೇ ಎಂದು ಕೇಳಿಯೇಬಿಟ್ಟೆ. ಅತ್ತೆ ಕಂಡಿಕೆಗೆ ನೂಲು ಸುತ್ತುತ್ತಿದ್ದ ಕೈ ನಿಲ್ಲಿಸಲಿಲ್ಲ.

"ತವರಿಗಿ ಹೋಗೂದು ಬ್ಯಾರೆ, ಮಜಾ ಮಾಡಾಕ ಹೋಗೂದು ಬ್ಯಾರೆ. ಯಾರು ಯಾತಕ್ಕ ದಾಟ್ತಾರ ಅನ್ನೂದು ಹೊಳಿಗಿ ಗೊತ್ತಿರತೈತಿ."

೩. ಗಂಟು

ಹೊರಡುವ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಬಿಳಿ ಬಟ್ಟೆಯ ಗಂಟೊಂದು ಕೂತಿತ್ತು. ಹನ್ನೆರಡು ಸೀರೆ. ಹೇಗೂ ಹೋಗುತ್ತೀರಲ್ಲ, ಅಲ್ಲಿಯ ಅಂಗಡಿಯವನಿಗೆ ಮುಟ್ಟಿಸಿ ಬಿಡಿ ಎಂದರು ಅತ್ತೆ. ಗಂಡ ಕೂಡಲೇ ಹೂಂ ಅಂದರು. ಸೀರೆಯ ವಿಷಯದಲ್ಲಿ ಅವರಿಗೆ ಊಹೂಂ ಅನ್ನಲು ಬರುವುದಿಲ್ಲ, ಹೆಂಡತಿಯ ವಿಷಯದಲ್ಲಿ ಸರಾಗವಾಗಿ ಬರುತ್ತದೆ.

ಗಂಟು ಬಂದದ್ದೇ ತಡ, ಓಣಿಯವರ ಧಾಟಿಯೇ ಬದಲಾಯಿತು. ಆವರೆಗೆ ಆರು ತಿಂಗಳ ಬಸುರಿ ಕೂಸು ಕಟ್ಟಿಕೊಂಡು ತಿರುಗಲು ಹೊರಟಿದ್ದಾಳೆ ಎಂದು ಬಾಯಿಗೆ ಸೆರಗು ಹಿಡಿದಿದ್ದವರು, ಓ, ಮಾಲು ಕೊಡಲು ಹೊರಟಿರೇನು, ಹೋಗಿ ಬರ್ರಿ ಎಂದು ಹರಸಿದರು. ಗದ್ವಾಲದಿಂದ ನಮ್ಮವ್ವ ಫೋನು ಮಾಡಿ, ದೊಡ್ಡ ಊರಲ್ಲಿ ಮಂದಿ ನೋಡುತ್ತಾರೆ, ನಾರಾಯಣಪೇಟೆಯ ಸೀರೆ ಬೇಡ, ಗದ್ವಾಲದ್ದು ಉಡು ಎಂದಳು. ನನ್ನ ಆರೋಗ್ಯವನ್ನು ಅತ್ತೆ, ಅವ್ವ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಗಂಟಿಗೆ ಸಿಕ್ಕಿತು. ನಡುವೆ ನಾನು, ನನ್ನ ತೊಡೆಯ ಮೇಲೆ ಮಗಳು, ತುದಿಯಲ್ಲಿ ಗಂಡ. ಬಿಸಿಲು ಏರಿ ಕಿಟಕಿಯಿಂದ ಒಳಗೆ ಹೊಡೆಯತೊಡಗಿದಾಗ ಗಂಡ ಕರುಣೆಯಿಂದ ನಮ್ಮ ಕಡೆ ನೋಡಿ, ಹೆಗಲ ಮೇಲಿನ ಟವೆಲು ತೆಗೆದು ಮೆಲ್ಲಗೆ ಹೊದಿಸಿದರು. ಗಂಟಿಗೆ. ಬಣ್ಣ ಹಾರುತ್ತದಂತೆ.

೪. ನಡುದಾರಿಯ ಸಭೆ

ಬಸುರಿ ಹೆಂಗಸಿನ ಪ್ರಯಾಣದಲ್ಲಿ ಮುಖ್ಯವಾದ ಪ್ರಶ್ನೆ ಒಂದೇ, ಅದನ್ನು ಯಾವ ಲೇಖನವೂ ಬರೆಯುವುದಿಲ್ಲ. ಮಹಬೂಬನಗರ ದಾಟಿ ಸ್ವಲ್ಪ ಹೊತ್ತಿಗೆ ನನಗೆ ಇಳಿಯಲೇಬೇಕಾಯಿತು. ಬಸ್ಸು ನಿಲ್ಲಿಸಿ ಎಂದೆ. ಕಂಡಕ್ಟರ್ ತೆಲುಗಿನಲ್ಲಿ ಕಾನೂನು ಹೇಳಿದ. ಇದು ಎಕ್ಸ್‌ಪ್ರೆಸ್ಸು, ಕಂಡಕಂಡಲ್ಲಿ ನಿಲ್ಲುವುದಿಲ್ಲ, ಒಬ್ಬರಿಗಾಗಿ ಎಲ್ಲರನ್ನೂ ಕಾಯಿಸಲು ಬರುವುದಿಲ್ಲ.

ನನ್ನ ಒಂದು ಅಗತ್ಯದ ಮೇಲೆ ಇಡೀ ಬಸ್ಸು ಚರ್ಚೆಗೆ ಕೂತಿತು. ಬಸುರಿಯರು ತಡೆಹಿಡಿಯಬಾರದು ಎಂದು ಒಬ್ಬರು, ಹತ್ತುವ ಮೊದಲೇ ನೋಡಿಕೊಳ್ಳಬೇಕಿತ್ತು ಎಂದು ಇನ್ನೊಬ್ಬರು. ಹಿಂದಿನ ಸೀಟಿನ ಯಜಮಾನರೊಬ್ಬರು ತಮ್ಮ ಕಾಲದ ಹೆಂಗಸರು ಹೊಲದಲ್ಲಿ ಕಳೆ ತೆಗೆಯುತ್ತಲೇ ಹೆರುತ್ತಿದ್ದರು ಎಂದರು. ಅವರ ಹೆಂಡತಿ ಪಕ್ಕದಲ್ಲೇ ಇದ್ದರು. ಹೆತ್ತವಳು ನಾನು, ನೀವು ಆಗ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಿರಿ ಎಂದು ಅವರ ಬಾಯಿ ಮುಚ್ಚಿಸಿದರು. ಆ ತಾಯಿಗೆ ನಾನು ಈಗಲೂ ಋಣಿ.

ಕೊನೆಗೆ ಡ್ರೈವರೇ ಬೇಸತ್ತು ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿದ. ಮಗಳನ್ನು ಗಂಡನ ಕೈಗೆ ಕೊಟ್ಟು, ಹೊಟ್ಟೆ ಹಿಡಿದುಕೊಂಡು ನಾನು ಬಾಗಿಲಿಗೆ ಬರುವಷ್ಟರಲ್ಲಿ ಅರ್ಧ ಬಸ್ಸು ಖಾಲಿಯಾಗಿತ್ತು. ಎಲ್ಲರಿಗಿಂತ ಮುಂದೆ ಟಿಕೆಟ್ ಚೀಲ ಎದೆಗೆ ಅವಚಿಕೊಂಡು ಓಡುತ್ತಿದ್ದವನು ಕಂಡಕ್ಟರ್.

೫. ಲಾಡ್ಜಿನಲ್ಲಿ ಮಗ್ಗ

ಹೈದರಾಬಾದಿನ ಲಾಡ್ಜು ಚೆನ್ನಾಗಿಯೇ ಇತ್ತು. ಬಿಳಿ ಹಾಸಿಗೆ, ತಣ್ಣನೆಯ ಕೋಣೆ, ಸದ್ದಿಲ್ಲ. ಆ ಸದ್ದಿಲ್ಲದ್ದೇ ಮುಳುವಾಯಿತು. ನಮ್ಮ ಮಗಳು ಹುಟ್ಟಿದಾಗಿನಿಂದ ಮಗ್ಗದ ಪಕ್ಕದ ಜೋಲಿಯಲ್ಲಿ ಮಲಗಿದವಳು. ಲಟಕ್ ಪಟಕ್ ಸದ್ದು ನಿಂತರೆ ಅವಳಿಗೆ ಎಚ್ಚರವಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅಳಲು ಹಿಡಿದವಳು ಎರಡಾದರೂ ಬಿಡಲಿಲ್ಲ.

ಗಂಡ ಊರಿಗೆ ಫೋನು ಮಾಡಿದರು. ಮೈದುನ ಜೀವನದಲ್ಲಿ ಮೊದಲ ಬಾರಿಗೆ ಒಂದು ಉಪಯೋಗದ ಕೆಲಸ ಮಾಡಿದ. ಫೋನನ್ನು ಮಗ್ಗಕ್ಕೆ ಕಟ್ಟಿ, ಅರ್ಧ ಗಂಟೆ ನೇಯ್ದು, ಆ ಸದ್ದನ್ನು ಕಳಿಸಿದ. ಪೂರ್ತಿ ದೊಡ್ಡದಾಗಿ ಹಚ್ಚಿದ ಕೂಡಲೇ ಮಗಳು ನಿದ್ದೆ ಹೋದಳು. ಅವಳ ಹಿಂದೆಯೇ ಗಂಡನೂ ಹೋದರು. ನಿದ್ದೆಯಲ್ಲೇ ಅವರ ಕಾಲುಗಳು ಮಗ್ಗ ತುಳಿಯುತ್ತಿದ್ದವು. ಮಲಗಲು ನನಗೆ ಮಾತ್ರ ಆಗಲಿಲ್ಲ. ಯಾವ ಸದ್ದನ್ನು ಎರಡು ದಿನ ಬಿಟ್ಟಿರಬೇಕೆಂದು ಇಷ್ಟು ದೂರ ಬಂದೆನೋ ಅದು ನನ್ನ ದಿಂಬಿನ ಪಕ್ಕದಲ್ಲಿ ಲಟಗುಟ್ಟುತ್ತಿತ್ತು.

ಬಾಗಿಲು ಬಡಿದರು. ಲಾಡ್ಜಿನ ಮ್ಯಾನೇಜರ್. ಕೆಳಗಿನ ಕೋಣೆಯವರು ದೂರಿದ್ದಾರೆ, ಒಳಗೆ ಏನೋ ಯಂತ್ರ ನಡೆಸುತ್ತಿದ್ದೀರಿ ಎಂದ. ಮಂಚದ ಕೆಳಗೆ ಬಗ್ಗಿ ನೋಡಿದ, ಬಚ್ಚಲು ನೋಡಿದ. ಕೊನೆಗೆ ಮೂಲೆಯಲ್ಲಿದ್ದ ಗಂಟು ನೋಡಿ, ಅದರೊಳಗಿನ ಹೊಚ್ಚ ಹೊಸ ಸೀರೆ ನೋಡಿ, ಸಿಕ್ಕಿಬಿದ್ದಿರಿ ಎನ್ನುವಂತೆ ತಲೆಯಾಡಿಸಿದ. ನಾನು ಫೋನು ತೋರಿಸಿದೆ, ಸದ್ದು ನಿಲ್ಲಿಸಿ ಮತ್ತೆ ಹಚ್ಚಿ ತೋರಿಸಿದೆ. ಅವನಿಗೆ ಒಂದಿಷ್ಟೂ ನಂಬಿಕೆ ಬರಲಿಲ್ಲ. ಹೋಗುವವನು ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, ನಾಳೆ ಸಂಜೆಯೊಳಗೆ ಹಸಿರಂಚಿನ ಸೀರೆಯೊಂದನ್ನು ನೇಯ್ದು ಇಳಿಸಿಕೊಡುತ್ತೀರಾ, ಮನೆಯವಳು ಬಹಳ ದಿನದಿಂದ ಕೇಳುತ್ತಿದ್ದಾಳೆ ಎಂದ.

೬. ನಾನು ಬಸುರಿಯೇ ಅಲ್ಲ

ಎರಡನೇ ದಿನ ಮಗಳನ್ನೂ ಗಂಟನ್ನೂ ಗಂಡನಿಗೆ ಒಪ್ಪಿಸಿ, ಒಂದು ತಾಸು ನನ್ನನ್ನು ಹುಡುಕಬೇಡಿ ಎಂದು ಹೇಳಿ ಒಬ್ಬಳೇ ಹೊರಬಿದ್ದೆ. ರಸ್ತೆಯಾಚೆಗೆ ಒಂದು ಐಸ್‌ಕ್ರೀಮ್ ಅಂಗಡಿ. ಹಣ್ಣು ಹಾಕಿದ ದೊಡ್ಡ ಬಟ್ಟಲೊಂದನ್ನು ತರಿಸಿಕೊಂಡೆ. ಮೊದಲ ಚಮಚ ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು, ಅಷ್ಟು ಸುಖವಾಯಿತು. ಅಷ್ಟರಲ್ಲಿ ಗಂಡನ ಫೋನು ಬಂತು, ಮಗಳ ಚಡ್ಡಿ ಎಲ್ಲಿದೆ ಎಂದು. ನಮ್ಮ ಭಾಷೆಯಲ್ಲೇ ಬೈದು ಇಟ್ಟೆ.

ಅದು ಪಕ್ಕದ ಮೇಜಿನ ಹೆಂಗಸಿಗೆ ಕೇಳಿಸಿತು. ಅರೆ, ನೀವು ನಮ್ಮ ಕಡೆಯವರು ಎಂದು ಕುರ್ಚಿ ಎಳೆದುಕೊಂಡೇ ಬಂದರು. ಯಾವ ಊರು, ಯಾವ ಓಣಿ, ಯಾರ ಸೊಸೆ, ಏನು ಕೆಲಸ ಎಲ್ಲ ಕೇಳಿದರು. ನನ್ನ ದಡ್ಡತನಕ್ಕೆ ಎಲ್ಲ ಹೇಳಿದೆ. ಆಮೇಲೆ ಕಣ್ಣು ನನ್ನ ಹೊಟ್ಟೆಗೆ ಇಳಿಯಿತು. ಎಷ್ಟು ತಿಂಗಳು, ತಂಡಿ ತಿಂದರೆ ಕೂಸಿಗೆ ನೆಗಡಿಯಾಗುತ್ತದೆ, ಅದರಲ್ಲಿ ಪಪ್ಪಾಯಿ ಇದೆ, ಇಂಥದ್ದರಲ್ಲಿ ಹೊಟ್ಟೆ ಹೊತ್ತು ಊರು ತಿರುಗುತ್ತಾರೇನು ಎಂದು ಶುರುವಾಯಿತು. ನಾರಾಯಣಪೇಟೆಯಿಂದ ಓಡಿ ಬಂದರೂ ನಾರಾಯಣಪೇಟೆ ನನ್ನ ಮೇಜಿಗೇ ಬಂದು ಕೂತಿತಲ್ಲ ಎಂದು ತಲೆ ಕೆಟ್ಟಿತು. ಬಟ್ಟಲಲ್ಲಿ ಐಸ್‌ಕ್ರೀಮ್ ಕರಗುತ್ತಿತ್ತು.

"ಬಸುರಿ ಅಲ್ರೀ ನಾನು," ಎಂದೆ. "ನನ್ನ ಮೈಯೇ ಹಿಂಗ ಐತಿ."

ಅವರು ದಂಗಾದರು. ಆ ಸಂದಿನಲ್ಲಿ ನಾನು ಎರಡು ಚಮಚ ತಿಂದೆ. ಅದು ನನ್ನ ಇಡೀ ಪ್ರವಾಸದ ಶ್ರೇಷ್ಠ ಗಳಿಗೆ. ಆಮೇಲೆ ಅವರು ಸುಧಾರಿಸಿಕೊಂಡು, ಹಾಗಾದರೆ ನೀವು ಇದನ್ನು ಮುಟ್ಟಲೇಬಾರದು ಎಂದು ಬಟ್ಟಲನ್ನು ತಮ್ಮ ಕಡೆ ಸರಿಸಿಕೊಂಡು, ಬೊಜ್ಜು ಕರಗಿಸಲು ಜೀರಿಗೆ ನೀರಿನ ಕ್ರಮ ಹೇಳತೊಡಗಿದರು. ಹೇಳುತ್ತ ಹೇಳುತ್ತ ಉಳಿದದ್ದನ್ನು ತಾವೇ ತಿಂದರು.

ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆ ಹೆಂಗಸಿನ ನಾದಿನಿ ನಮ್ಮ ಹಿಂದಿನ ಓಣಿಯವಳು. ಅಂಗನವಾಡಿಯಲ್ಲಿ ಬಸುರಿಯರಿಗೆ ಕೊಡುವ ಹಾಲು, ಮೊಟ್ಟೆಯ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು, ಟೀಚರಾದರೇನು, ನಾನೂ ಬಸುರಿಯೇ. ಸುಳ್ಳು ಬಸುರಿನಲ್ಲಿ ಟೀಚರಮ್ಮ ಮೊಟ್ಟೆ ತಿನ್ನುತ್ತಿದ್ದಾಳೆ ಎಂದು ಯಾರೋ ಮೇಲಕ್ಕೆ ದೂರು ಕೊಟ್ಟರು. ಸೋಮವಾರ ಬೆಳಿಗ್ಗೆ ಸೂಪರ್‌ವೈಜರ್ ಮೇಡಂ ವಿಚಾರಣೆಗೆ ಬಂದು ಕೂತರು. ನನಗೆ ಇದು ನೌಕರಿಯ ಪ್ರಶ್ನೆ.

ಬಸುರಿ ಅಲ್ಲ ಎಂದು ಹೇಳಿದ್ದು ನಿಜವೇ ಎಂದು ಕೇಳಿದರು. ನಿಜ ಎಂದೆ. ಯಾಕೆ ಹೇಳಿದಿರಿ ಎಂದರು. ಐಸ್‌ಕ್ರೀಮ್ ತಿನ್ನಲಿಕ್ಕೆ ಎಂದೆ. ಅದನ್ನೂ ಬರೆದುಕೊಂಡರು. ದವಾಖಾನೆಯ ಕಾರ್ಡು ತೋರಿಸಿದೆ. ಇದು ಹೋದ ತಿಂಗಳದ್ದು, ಈಗಿನ ಸ್ಥಿತಿಗೆ ಆಧಾರವಾಗುವುದಿಲ್ಲ ಎಂದರು. ಎದ್ದು ನಿಂತೆ, ಪಕ್ಕಕ್ಕೆ ತಿರುಗಿ ತೋರಿಸಿದೆ. ಒಳಗಿದ್ದದ್ದು ಅದೇ ಹೊತ್ತಿಗೆ ಒದ್ದಿತು, ಸೀರೆಯ ನಿರಿಗೆ ಅಲುಗಿದ್ದು ಮೇಡಂಗೂ ಕಂಡಿತು. ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. ತಾವು ಸಿಕ್ಕಿಬೀಳಬಾರದು ನೋಡಿ. ಕೊನೆಗೆ ತೆಲುಗಿನಲ್ಲಿ ಷರಾ ಬರೆದು, ಸಹಿ ಮಾಡಿ, ನನ್ನಿಂದಲೂ ಸಹಿ ಹಾಕಿಸಿಕೊಂಡರು. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

"ಟೀಚರ್ ಮೇಲ್ನೋಟಕ್ಕೆ ಬಸುರಿಯಾಗಿದ್ದಾರೆ. ರುಜುವಾತು ಹಾಜರುಪಡಿಸಲು ಮೂರು ತಿಂಗಳ ಅವಕಾಶ ಕೊಡಲಾಗಿದೆ."