ದವಡೆ ಹಲ್ಲಿನ ಸಾಕ್ಷಿ

ನಮ್ಮ ಕಾಕಾನ ಬಾಯಲ್ಲಿ ಅಣುಬಾಂಬು ಇದೆ. ಇದು ನನ್ನ ಮಾತಲ್ಲ, ಅವನೇ ಊರೆಲ್ಲ ಸಾರಿಕೊಂಡು ಬಂದದ್ದು. ನವಲಗುಂದದ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಹೇಳುತ್ತಾನೆ, ಬಸ್ಸಿನಲ್ಲಿ ಯಾರೂ ಕೇಳದಿದ್ದರೂ ಹೇಳುತ್ತಾನೆ. ಒಮ್ಮೆ ಹಾಗೆ ಹೇಳಿದಾಗ ಪಕ್ಕದಲ್ಲಿದ್ದವರು ಎದ್ದು, ಹುಬ್ಬಳ್ಳಿಯವರೆಗೂ ನಿಂತುಕೊಂಡೇ ಹೋದರು. ಕಾಕಾ ಆರಾಮಾಗಿ ಕಾಲು ಚಾಚಿ ಕೂತ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮೂವತ್ತು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದವನು. ಹೈ ವೋಲ್ಟೇಜ್ ತಂತಿಯ ಜೊತೆ ಬದುಕಿದವನಿಗೆ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವುದು ರುಚಿಸೀತೇ? ಮೊಬೈಲಿನಲ್ಲಿ ವಿಜ್ಞಾನ ಕೇಳತೊಡಗಿದ. ಅವನು ಹುಟ್ಟಿದ ಕಾಲದಲ್ಲಿ ದೊಡ್ಡ ದೇಶಗಳು ಪೈಪೋಟಿಗೆ ಬಿದ್ದು ಅಣುಬಾಂಬು ಸಿಡಿಸಿ ನೋಡುತ್ತಿದ್ದವಂತೆ. ಅದರಿಂದ ಗಾಳಿಯಲ್ಲಿ ವಿಕಿರಣ ಸೂಸುವ ಒಂದು ಬಗೆಯ ಇಂಗಾಲ ಹೆಚ್ಚಾಯಿತಂತೆ. ಅದು ಗಾಳಿಯಿಂದ ಜೋಳಕ್ಕೆ, ಜೋಳದಿಂದ ರೊಟ್ಟಿಗೆ, ರೊಟ್ಟಿಯಿಂದ ಮಕ್ಕಳ ಹಲ್ಲಿಗೆ ಸೇರಿತಂತೆ. ಹಲ್ಲಿನಲ್ಲಿ ಅದು ಎಷ್ಟಿದೆ ಎಂದು ಪರೀಕ್ಷಿಸಿದರೆ ಹುಟ್ಟಿದ ಕಾಲ ತಿಳಿಯುತ್ತದಂತೆ. ಇದನ್ನು ಕೇಳಿದ ದಿನದಿಂದ ಕಾಕಾ, ಉದುರಿದ ತನ್ನ ದವಡೆ ಹಲ್ಲೊಂದನ್ನು ಹತ್ತಿಯಲ್ಲಿ ಸುತ್ತಿ ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾನೆ.

ಅರವತ್ತು ದಾಟಿದವನಿಗೆ ಹುಟ್ಟಿದ ಕಾಲ ತಿಳಿದು ಆಗಬೇಕಾದ್ದೇನು? ಅದಕ್ಕೆ ಕಾರಣ ನಮ್ಮ ಅತ್ತೆ. ಅತ್ತೆ ನಮ್ಮ ದೊಡ್ಡಜ್ಜನ, ಎಂದರೆ ಅಜ್ಜನ ಅಣ್ಣನ ಮಗಳು, ಕಾಕಾನ ಜೊತೆ ಒಂದೇ ಮನೆಯಲ್ಲಿ ಬೆಳೆದವಳು, ಈಗ ಎರಡು ಓಣಿ ಆಚೆ ಇದ್ದಾಳೆ. ಹೆರಿಗೆಗೆಂದು ಅವಳ ಅವ್ವ ತವರೂರು ಅಣ್ಣಿಗೇರಿಗೆ ಹೋಗಿದ್ದಳು, ಕಾಕಾನ ಅವ್ವ ಕಲಘಟಗಿಗೆ. ಎರಡೂ ಕಡೆಯಿಂದ ಸಕ್ಕರೆ ತೆಗೆದುಕೊಂಡು ಸುದ್ದಿ ಹೇಳುವವರು ಬಂದದ್ದು ಒಂದೇ ದಿನ! ಯಾರು ಮೊದಲು ಹುಟ್ಟಿದರೆಂದು ಯಾರೂ ಬರೆದಿಡಲಿಲ್ಲ. ಇಬ್ಬರು ಅವ್ವಂದಿರೂ ನನ್ನ ಕೂಸೇ ಹಿರಿದು ಎಂದು ಸಾಯುವತನಕ ಹೇಳಿದರು. ಶಾಲೆಯ ಮಾಸ್ತರರು ಇಬ್ಬರಿಗೂ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಂಡರು. ನನ್ನ ಅಪ್ಪನಿಗೆ ಆಗ ಮೂರು ವರ್ಷ, ಸಾಕ್ಷಿ ಹೇಳುವ ವಯಸ್ಸಲ್ಲ.

ಹೀಗಾಗಿ ಕಾಕಾ ಅವಳನ್ನು ಕರೆಯುವುದು "ತಂಗಿ" ಎಂದು, ಅವಳು ಅವನನ್ನು ಕರೆಯುವುದು "ತಮ್ಮಾ" ಎಂದು. ದಸರೆಯಲ್ಲಿ ಬನ್ನಿ ಕೊಟ್ಟು ಕಿರಿಯರು ಹಿರಿಯರ ಕಾಲು ಮುಟ್ಟಬೇಕಲ್ಲ? ಇವರಿಬ್ಬರೂ ಕೈಯಲ್ಲಿ ಬನ್ನಿ ಹಿಡಿದು, ಕಾಲು ಮುಂದೆ ಮಾಡಿ ಎದುರುಬದುರು ನಿಲ್ಲುತ್ತಾರೆ. ಬನ್ನಿ ಎಲೆ ಬಾಡಿದರೂ ಯಾರೂ ಬಗ್ಗುವುದಿಲ್ಲ. ಕೊನೆಗೆ ನಾನೇ ಇಬ್ಬರ ಕಾಲಿಗೂ ಬಿದ್ದು ಒಳಗೆ ಕಳಿಸುತ್ತೇನೆ.

ಒಂದು ಬೇಸಿಗೆಯಲ್ಲಿ ಹೊಲದ ಜಾಲಿ ಮರಕ್ಕೆ ಸಿಡಿಲು ಹೊಡೆಯಿತು. ಅತ್ತೆ ಅಂದು ನಮ್ಮ ಮನೆಯಲ್ಲೇ ಇದ್ದಳು. ಮಾಳಿಗೆಯ ಮೇಲೆ ಒಣಗಲು ಹಾಕಿದ ಹಪ್ಪಳ ತರಲು ಎದ್ದರೆ, ಕಾಕಾ ಬಾಗಿಲಿಗೆ ಅಡ್ಡ ನಿಂತ.

"ಯಾರೂ ಹೊರಗ ಹೋಗಬ್ಯಾಡ್ರಿ. ಸಿಡ್ಲ ಬಿದ್ರ ಗಾಳಿಯಾಗಿನ ಸಾರಜನಕ ವಿಕಿರಣ ಸೂಸೂ ಐಸೋಟೋಪ ಆಗತೈತಿ. ಹತ್ತು ಮಿನಿಟಿಗೆ ಅರ್ಧ ಹೋಗತೈತಿ, ಮತ್ತ ಹತ್ತು ಮಿನಿಟಿಗೆ ಉಳಿದಿದ್ದರಾಗ ಅರ್ಧ."

"ಪೂರಾ ಯಾವಾಗ ಹೋಗತೈತಿ?" ಎಂದಳು ಅತ್ತೆ.

"ಲೆಕ್ಕದ ಪ್ರಕಾರ ಪೂರಾ ಹೋಗಂಗೇ ಇಲ್ಲ."

"ಹಂಗಾರ ನಾ ನನ್ನ ಮನಿಗೆ ಹೋಗೂದು ಯಾವಾಗೋ ತಮ್ಮಾ?"

ಸಿಡಿಲಿನಲ್ಲಿ ಬಾಂಬಿನ ಇಂಗಾಲವೂ ಚೂರು ಹುಟ್ಟುತ್ತದೆ ಎನ್ನುವವರೆಗೆ ಬೆಳೆದ ಈ ವಾದ ಮುಗಿಯುವಷ್ಟರಲ್ಲಿ ಮಳೆ ಬಂದು ಹಪ್ಪಳ ಮತ್ತೆ ಹಿಟ್ಟಾಗಿತ್ತು. ನಾಲ್ಕನೇ ಇಯತ್ತೆಯವರೆಗಷ್ಟೇ ಶಾಲೆ ಕಲಿತ ಅತ್ತೆ ಮಾತ್ರ ಅಂದಿನ ಪಾಠ ಮರೆಯಲಿಲ್ಲ. ಮರುದಿನ ಚಹಾ ಕುಡಿಯುತ್ತ ಶುರು ಮಾಡಿದಳು.

"ಸಿಡ್ಲದಾಗೂ ಬಾಂಬಿನಂಥಾ ಇಂಗಾಲ ಒಂದೀಟು ಹುಟ್ಟತೈತಿ ಅಂದೆಲ್ಲ? ನೀ ಹುಟ್ಟಿದ ಕಲಘಟಗಿ ಕಡೆ ಮಳಿ ಗುಡುಗು ಭಾಳ. ನಮ್ಮ ಅಣ್ಣಿಗೇರಿ ಕಡೆ ಎಲ್ಲೈತಿ ಮಳಿ? ಅದಕ್ಕ ನಿನ್ನ ಹಲ್ಲಿನ ಸಾಕ್ಷಿ ನಡಿಯಂಗಿಲ್ಲ. ಅದರ ಮ್ಯಾಲೆ ಮೂವತ್ತು ವರ್ಷ ಹೈ ವೋಲ್ಟೇಜ್ ಬಾಜೂಕ ನಿಂತ ಹಲ್ಲು ಅದು, ಖರೇ ಹೇಳ್ತೈತೇನು?"

ಕಾಕಾ ತಾಳ್ಮೆಯಿಂದ ಬಿಡಿಸಿ ಹೇಳಿದ. "ಹಲ್ಲಿನ ಮ್ಯಾಲಿನ ಪದರ ಸಣ್ಣವರಿದ್ದಾಗನ ಕಟ್ಟಿ ಮುಗೀತೈತಬೇ. ಆಮ್ಯಾಲೆ ಅದರಾಗ ಹೊಸಾದು ಏನೂ ಸೇರಂಗಿಲ್ಲ."

"ನಿನ್ನ ತಲೀದೂ ಹಂಗ ಆಗೇತಿ ಬಿಡು," ಎಂದು ಅತ್ತೆ ಚಹಾದ ಬಸಿ ಕೆಳಗಿಟ್ಟಳು.

ಅವಮಾನ ತಾಳದೆ ಕಾಕಾ ನನ್ನನ್ನೂ ಎಳೆದುಕೊಂಡು ಧಾರವಾಡಕ್ಕೆ ಹೋಗಿ ಒಬ್ಬ ಪ್ರಾಧ್ಯಾಪಕರ ಮೇಜಿನ ಮೇಲೆ ಸಂಚಿ ಬಿಚ್ಚಿದ. ಪಾಪ, ಅವರು ಅಡಿಕೆ ಕೊಡುತ್ತಿದ್ದಾನೆಂದು ತಿಳಿದು ಕೈ ಚಾಚಿದರು. ವಿಷಯ ತಿಳಿದ ಮೇಲೆ ಕೈ ಒರೆಸಿಕೊಳ್ಳುತ್ತ, "ಪರೀಕ್ಷೆ ಇರೋದು ಖರೇ ರೀ, ಆದ್ರ ಒಂದೆರಡು ವರ್ಷ ಹಿಂದ ಮುಂದ ಬರ್ತದ. ನಿಮಗ ಎಷ್ಟು ದಿನದ ಫರಕು ಗೊತ್ತಾಗಬೇಕು?" ಎಂದರು. "ಎಂಟ ಹತ್ತು ದಿನದ್ದು," ಎಂದ ಕಾಕಾ. ಊರು ಮುಟ್ಟುವತನಕ ಅವನು ಬಸ್ಸಿನಲ್ಲಿ ಯಾರಿಗೂ ಬಾಂಬಿನ ಸುದ್ದಿ ಹೇಳಲಿಲ್ಲ.

ಒಂದು ಕಾಲು ಮುಟ್ಟಿಸಿಕೊಳ್ಳಲು ಇಷ್ಟೊಂದು ಹಟವೇ ಎಂದು ನಾವೆಲ್ಲ ನಗುತ್ತಿದ್ದೆವು.

ಹೋದ ಚಳಿಗಾಲದಲ್ಲಿ ಅತ್ತೆಗೆ ಎದೆಯ ಆಪರೇಷನ್ ಮಾಡಬೇಕಾಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬೆಳಿಗ್ಗೆ ಅವಳನ್ನು ಒಳಗೆ ಕರೆದೊಯ್ಯಲು ಬಂದರು. ಕಾಕಾನ ಮುಖ ನೋಡಿ ಅವಳೇ ಅವನಿಗೆ ಸಮಾಧಾನ ಹೇಳಿದಳು.

"ಯಾಕ ಮಾರಿ ಸಣ್ಣ ಮಾಡೀಯೋ ತಮ್ಮಾ? ಹಿರೇರು ಮೊದಲ ಹೋಗೂದು ರೂಢೀನ ಐತಿ."

"ಅದಕ್ಕಬೇ ನಾ ಇಷ್ಟು ವರ್ಷ ಬಡಕೊಂಡಿದ್ದು," ಎನ್ನುತ್ತ ಕಾಕಾ ಅವಳ ಮಂಚಕ್ಕೆ ಅಡ್ಡ ನಿಂತ. "ನಾ ಹಿರ್ಯಾ. ಪಾಳಿ ನಂದೈತಿ. ನನ್ನ ದಾಟಿ ಮುಂದ ಹೋಗಬ್ಯಾಡ."

ಅಷ್ಟು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅತ್ತೆ ಅವನ ಕೈ ಎಳೆದು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಆತೋ ಅಣ್ಣಾ. ನಿನ್ನ ಹಿಂದ ನಾ."

ಮಧ್ಯಾಹ್ನ ಡಾಕ್ಟರು ಹೊರಗೆ ಬರುವವರೆಗೂ ಕಾಕಾ ಆ ಬಾಗಿಲು ಬಿಟ್ಟು ಕದಲಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು ಎಂದು ಹೇಳಿದ ಡಾಕ್ಟರು, "ಪೇಶಂಟಿಗೆ ನೀವು ಏನಾಗಬೇಕ್ರಿ?" ಎಂದು ಕೇಳಿದರು.

"ಅಣ್ಣ ಆಗಬೇಕ್ರಿ," ಎಂದ ಕಾಕಾ ಅವರ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟ.