ನಾಗಮ್ಮನ ಬಾಂಡ್ ಪೇಪರು

ಮಕ್ಕಳೇ, ನನಗೆ ಸಿಟ್ಟೇ ಬರುವುದಿಲ್ಲವೆಂದು ನೀವೆಲ್ಲ ನಂಬಿದ್ದೀರಿ. ಬರುತ್ತದೆ, ಹೊರಗೆ ಬರಲು ನಾಚಿಕೊಳ್ಳುತ್ತದೆ, ಅಷ್ಟೆ. ಬಸ್ಸಿನಲ್ಲಿ ‘ನಿಲ್ಲಿಸಿ’ ಎಂದು ಕೂಗಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು. ಅಂಥವಳು ಈ ವರ್ಷ ಕೋರ್ಟಿಗೆ ಹೊರಟಿದ್ದೆ, ಅದೂ ನಿಮ್ಮ ಕಮಲಾಪುರದ ಅಜ್ಜಿಯ ಮೇಲೆ!

ನಿಮ್ಮ ಅಜ್ಜ ಹೋದ ಮೇಲೆ ಕಲಬುರಗಿಯ ಈ ಮನೆಯಲ್ಲೇ ಕಡಕ್ ರೊಟ್ಟಿ ಮಾಡಿಸಿ ಮಾರುತ್ತಿದ್ದೇನಲ್ಲ, ಅದರಲ್ಲಿ ನನ್ನದು ಮಾರುವುದು ಮಾತ್ರ. ರೊಟ್ಟಿ ಎಂದರೆ ನಾಗಮ್ಮ. ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದು ಅವಳು ಬಡಿಯಲು ಕುಳಿತಳೆಂದರೆ ಹಿಟ್ಟು ತಾನಾಗಿ ಅಗಲವಾಗುತ್ತಿತ್ತು. ನಾನು ಬಡಿದರೆ ಅದೂ ನನ್ನ ಹಾಗೆ ಮುದುಡಿಕೊಳ್ಳುತ್ತದೆ. ಇವಳನ್ನು ಯಾರಾದರೂ ಎಬ್ಬಿಸಿಕೊಂಡು ಹೋದರೇನು ಗತಿ ಎಂದು ಹೆದರಿ ಬಾಂಡ್ ಪೇಪರು ಬರೆಸಿದೆ: ಬಸವ ಜಯಂತಿಯವರೆಗೆ ಕೆಲಸ ಬಿಡುವಂತಿಲ್ಲ, ಬಿಟ್ಟ ಮೇಲೂ ಎರಡು ವರ್ಷ ಬೇರೆಲ್ಲೂ ರೊಟ್ಟಿ ಬಡಿಯುವಂತಿಲ್ಲ. ನಾಗಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇಷ್ಟೆಲ್ಲಾ ನನ್ನ ಸಲುವಾಗೇನ್ರೀ ಅಮ್ಮಾರ?” ಎಂದು ಸಹಿ ಹಾಕಿದಳು.

ಲಗ್ನದ ಆರ್ಡರುಗಳು ತುಂಬಿದ್ದ ಹೊತ್ತಿನಲ್ಲೇ ಅವಳು ಬರುವುದು ನಿಂತಿತು. ವಿಚಾರಿಸಿದರೆ, ಕಮಲಾಪುರದಲ್ಲಿ ಖಾನಾವಳಿ ನಡೆಸುವ ನನ್ನ ಬೀಗತಿ, ಅಂದರೆ ನಿಮ್ಮ ಅವ್ವನ ಅವ್ವ, ಅವಳನ್ನು ಕರೆದು ತಮ್ಮ ಒಲೆಯ ಮುಂದೆ ಕೂರಿಸಿಕೊಂಡಿದ್ದರು. ಮಗಳನ್ನು ಕೊಟ್ಟದ್ದಕ್ಕೆ ಪ್ರತಿಯಾಗಿ ನಾಗಮ್ಮನನ್ನು ಒಯ್ಯುವುದೇ? ಆರ್ಡರು ಕೊಟ್ಟವರಿಗೆ ನಾನೇ ಬಡಿದು ಕೊಟ್ಟೆ. “ಅಮ್ಮಾರ, ಈ ಸಲ ರೊಟ್ಟಿಗೆ ಮೂಲಿ ಬಂದಾವಲ್ರೀ!” ಎಂದು ಹೇಳಿ ಹೋದವರು ಮತ್ತೆ ಬರಲಿಲ್ಲ. ಹೀಗೇ ನಡೆದರೆ ಅಂಗಡಿ ಮುಚ್ಚಬೇಕಿತ್ತು.

ಸ್ಟೇಶನ್ ಬಜಾರದ ವಕೀಲರ ಹತ್ತಿರ ಹೋದೆ. ಬಾಂಡ್ ಓದಿ ಅವರು ನಕ್ಕರು. “ಎರಡು ವರ್ಷ ದುಡಿಬ್ಯಾಡ ಅಂತ ಬರಸೀರಲ್ಲ, ಅದು ಕೋರ್ಟಿನಾಗ ನಿಲ್ಲಂಗಿಲ್ರೀ. ಕೆಲಸ ಬಿಟ್ಟವರ ಹೊಟ್ಟಿಪಾಡು ಕಟ್ಟಿಹಾಕಾಕ ಕಾಯ್ದೆ ಒಪ್ಪಂಗಿಲ್ಲ. ಆದರ ಕರಾರು ಮುಗಿಯೋದ್ರೊಳಗ ಎಬ್ಬಿಸ್ಕೊಂಡು ಹೋದವರ ಮ್ಯಾಲ ನಷ್ಟಕ್ಕ ದಾವಾ ಹಾಕಬಹುದು. ಯಾರು ಅವರು?”

“ನಮ್ಮ ಬೀಗರ್ರೀ.”

ವಕೀಲರು ಪೆನ್ನಿನ ಮುಚ್ಚಳ ಹಾಕಿದರು.

ಮರುದಿನವೇ ಕಮಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಊರು ಬಂದಾಗ “ನಿಲ್ಲಸ್ರೀ!” ಎಂದು ನಾನು ಕೂಗಿದ್ದಕ್ಕೆ ಮಲಗಿದವರೆಲ್ಲ ಎದ್ದರು. ಆದರೆ ಬೀಗತಿ, “ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ” ಎಂದು ಕಾಲಿಗೆ ನೀರು ಕೊಟ್ಟು, ತಾಟಿನ ಮುಂದೆ ಕೂರಿಸಿಬಿಟ್ಟರು. ಬೀಗರ ಮನೆಯಲ್ಲಿ ಉಣ್ಣದೆ ಜಗಳ ಮಾಡುವುದು ಮರ್ಯಾದೆಯಲ್ಲ; ಉಂಡ ಮೇಲಂತೂ ಜಗಳವಾಡಲು ಬಾಯಿಯೇ ಬರುವುದಿಲ್ಲ. ಬಿಸಿ ರೊಟ್ಟಿ ಹಾಕಲು ಬಂದವಳು ನಾಗಮ್ಮ. “ಯಾಕವ್ವಾ ಹಿಂಗ ಮಾಡಿದಿ?” ಎಂದೆ.

“ಸಿಟ್ಟಾಗಬ್ಯಾಡ್ರೀ ಅಮ್ಮಾರ. ನನ್ನ ಕೈಗೆ ಇಷ್ಟು ಕಿಮ್ಮತ್ತದ ಅಂತ ನನಗೆಲ್ಲಿ ಗೊತ್ತಿತ್ತು? ಆ ಬಾಂಡ್ ನೋಡಿದ ಮ್ಯಾಲೇ ತಿಳೀತು. ಮನಿ ಮುಂದಿನ ಕೆಲಸ ಬಿಟ್ಟು ಬಸ್ಸಿನಾಗ ಯಾಕ ಓಡ್ಯಾಡ್ಲಿ ಅನ್ನಿಸ್ತು.”

ಬೇರೆಯವರು ಎಬ್ಬಿಸುವ ಮೊದಲು ನಾನೇ ಎಬ್ಬಿಸಿದ್ದೆ.

ಹೊರಡುವಾಗ ಬೀಗತಿ ಚೀಲಕ್ಕೆ ಕೆಂಪು ಬಾಳೆಹಣ್ಣು ತುಂಬುತ್ತಾ ಕಿವಿಯಲ್ಲಿ ಕೇಳಿದರು: “ಅಕ್ಕಾರ, ನೀವೇನೋ ಬಾಂಡ್ ಬರಸಿದ್ರಂತಲ್ಲ, ಎಲ್ಲಿ ಬರಸಿದ್ರಿ? ಈಕಿನ್ನ ಮತ್ತ ಯಾರರೆ ಒಯ್ದಾರಂತ ಅಂಜಿಕಿ.”

ಎಂದೂ ಬಾಯಿ ಬಿಡದ ನಾನು ಬಾಂಡ್ ಬರೆಯುವವನ ಅಂಗಡಿ, ಗಲ್ಲಿ, ಮೆಟ್ಟಿಲು ಎಲ್ಲ ಬಿಡಿಸಿ ಹೇಳಿದೆ. ಈಗ ದಿನಾ ಬೆಳಗಿನ ಬಸ್ಸಿನ ಹೊತ್ತಿಗೆ ಬಾಗಿಲು ತೆಗೆದು, ಬೀಗತಿಯ ಬಾಂಡ್ ನೋಡಿ ನಾಗಮ್ಮ ಮತ್ತೆ ಬಸ್ಸು ಹತ್ತಿಯಾಳೆಂದು, ಮೂಲೆ ಬಂದ ರೊಟ್ಟಿ ಬಡಿಯುತ್ತಾ ಕೂತಿರುತ್ತೇನೆ.